ಬೆಳಗಿನ ಜಾವ ಮಾತ್ರ ಕೆಡುವ ರೀಲು

"ಇದು ಬೆಳಿಗ್ಗೆ ಹಿಂದೆ ತಿರುಗ್ತದೆ ಮಾಷ್ಟ್ರೆ."

ನೆರೆಮನೆಯ ಮಾವ ಗಾಳದ ರೀಲನ್ನು ನನ್ನ ಜಗಲಿಯ ಮೇಜಿನ ಮೇಲಿಟ್ಟು, ಅಷ್ಟೇ ಹೇಳಿ ಕುರ್ಚಿ ಎಳೆದುಕೊಂಡರು. ಡಿಸೆಂಬರಿನ ಭಾನುವಾರ, ಗಂಟೆ ಹನ್ನೊಂದು. ಮಾವ ಮೊದಲು ಕಾಸರಗೋಡು–ಮಂಗಳೂರು ಬಸ್ಸು ಓಡಿಸುತ್ತಿದ್ದವರು. ಈಗ ಶಿರಿಯ ಹೊಳೆಯ ದಂಡೆಯೇ ಅವರ ಡ್ಯೂಟಿ. ಬೆಳಿಗ್ಗೆ ಐದೂವರೆಗೆ ಟಾರ್ಚು, ಸಿಗಡಿಯ ಡಬ್ಬಿ, ಗಾಳ ಹಿಡಿದು ಹೊರಟರೆ ಬಿಸಿಲೇರುವ ಹೊತ್ತಿಗೆ ವಾಪಸು. ಟೈಮಿಂಗ್ ಇನ್ನೂ ತಪ್ಪಿಲ್ಲ.

ನಾನು ಹ್ಯಾಂಡಲ್ ಹಿಡಿದು ಮುಂದಕ್ಕೆ ತಿರುಗಿಸಿದೆ, ಹಿಂದಕ್ಕೆ ಒತ್ತಿದೆ. ಗೋಡೆಯ ಹಾಗೆ ನಿಂತಿತು, ನಿಲ್ಲಬೇಕಾದ್ದೂ ಹಾಗೇ. ಹತ್ತು ಸಲ ಮಾಡಿದರೂ ಅದೇ.

"ಸರಿ ಉಂಟಲ್ಲ ಮಾವ?"

"ಈಗ ಸರಿ ಉಂಟು. ಬೆಳಿಗ್ಗೆ ಇಲ್ಲ."

ಬೆಳಿಗ್ಗೆ ಬೇರೆ, ಮಧ್ಯಾಹ್ನ ಬೇರೆ ಆಗುವುದಕ್ಕೆ ಅದೇನು ಸರಕಾರಿ ಆಫೀಸೇ ಅಂದುಕೊಂಡೆ, ಹೇಳಲಿಲ್ಲ. ಚಾ ಕುಡಿದು ಹೋದರು. ಮುಂದಿನ ಭಾನುವಾರ ಅದೇ ಹೊತ್ತಿಗೆ, ಅದೇ ರೀಲಿನೊಂದಿಗೆ, ಅದೇ ಮಾತಿನೊಂದಿಗೆ ಮತ್ತೆ ಬಂದರು.

ನನ್ನ ಕಸುಬು ಮಾಷ್ಟ್ರಿಕೆ, ರಿಪೇರಿಯಲ್ಲ. ಆದರೆ ಈ ಮೇಜು ಮಾತ್ರ ಅಪ್ಪನದು. ಕುಂಬಳೆ ಪೇಟೆಯಲ್ಲಿ ಅವರಿಗೆ ಸೈಕಲ್ ಶಾಪು ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್‌ಗಳು, ಮೂಲೆಯಲ್ಲಿ ಟ್ಯೂಬು ಮುಳುಗಿಸಿ ನೋಡುವ ನೀರಿನ ಬೋಗುಣಿ, ಇನ್ನೊಂದು ಮೂಲೆಯಲ್ಲಿ ಚಿಮಿಣಿ ಎಣ್ಣೆಯ ತಟ್ಟೆ. ಶಾಪು ಮುಚ್ಚಿದಾಗ ಮೇಜೂ ಪಾನಾಗಳೂ ಮನೆಗೆ ಬಂದವು. ಭಾವ ದುಬೈಯಿಂದ ಒಂದು ಸ್ಪಿನ್ನಿಂಗ್ ರೀಲು ತಂದುಕೊಟ್ಟ ವರ್ಷ ನನಗೆ ಗಾಳದ ಹುಚ್ಚು ಹಿಡಿಯಿತು. ಅದನ್ನು ಬಿಚ್ಚಿದ್ದರಿಂದ ಈ ಎರಡನೇ ಹುಚ್ಚೂ ಶುರುವಾಯಿತು. ಒಬ್ಬ ಹುಡುಗನ ರೀಲು ಸರಿ ಮಾಡಿಕೊಟ್ಟೆ, ಅವನು ಇನ್ನಿಬ್ಬರಿಗೆ ಹೇಳಿದ. ಈಗ ಜೂನ್ 9ರ ನಡುರಾತ್ರಿ ಟ್ರಾಲಿಂಗ್ ನಿಷೇಧ ಶುರುವಾಗಿ ಜುಲೈ 31ಕ್ಕೆ ಮುಗಿಯುವ ಆ 52 ದಿನ, ಬೋಟಿನ ಹುಡುಗರು ಬಿಡುವಾಗಿ ದಂಡೆಯಲ್ಲಿ ಗಾಳ ಹಾಕುವ ಕಾಲದಲ್ಲಿ, ನನ್ನ ಜಗಲಿಯಲ್ಲಿ ಕೂರುವುದಕ್ಕೆ ಜಾಗವಿರುವುದಿಲ್ಲ.

ನಮ್ಮದು ಸಪ್ತಭಾಷೆಗಳ ನಾಡು ಅಂತ ವೇದಿಕೆಯ ಮೇಲೆ ಹೇಳುತ್ತಾರಲ್ಲ, ಅದು ನನಗೆ ನಿಜವಾಗಿ ಅರ್ಥವಾದದ್ದು ಈ ಮೇಜಿನ ಮುಂದೆ. ತುಳುವಿನಲ್ಲಿ ಒಬ್ಬ, ಮಲಯಾಳದಲ್ಲಿ ಒಬ್ಬ, ಬ್ಯಾರಿಯಲ್ಲಿ ಒಬ್ಬ, ಕೊಂಕಣಿಯಲ್ಲಿ ಒಬ್ಬ ದೂರು ಹೇಳುತ್ತಾನೆ. ಗಾಳಕ್ಕೆ ಹೆಸರು ಬೇರೆ ಬೇರೆ. ಆದರೆ ರೀಲಿಗೆ ಏನಾಗಿದೆ ಎಂದು ಕೇಳಿದರೆ ಎಲ್ಲರೂ ಭಾಷೆ ಬಿಟ್ಟು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ. ನನಗೆ ಬೇಕಾದ್ದೂ ಅದೇ. ಕರಕರ ಅಂದರೆ ಒಳಗೆ ಹೊಯಿಗೆಯೋ ಉಪ್ಪಿನ ಹರಳೋ ಕೂತಿದೆ. ಕೀಂಯ್ ಅಂದರೆ ದಾರ ಹಾಯುವ ಪುಟ್ಟ ರೋಲರು ಒಣಗಿದೆ. ಟಿಕ್, ಟಿಕ್ ಅಂದರೆ ಮಾತ್ರ ಸ್ವಲ್ಪ ನಿಂತು ಎಣಿಸಬೇಕು. ಹ್ಯಾಂಡಲ್ ಒಂದು ಸುತ್ತು ಬರುವಾಗ ಟಿಕ್ ಒಂದೇ ಸಲ ಬಂದರೆ ದೊಡ್ಡ ಗೇರಿನ ಹಲ್ಲನ್ನು ನೋಡಬೇಕು. ಐದು ಸಲ ಬಂದರೆ ದೋಷ ಇರುವುದು ಪಿನಿಯನ್ ಎಂಬ ಸಣ್ಣ ಗೇರಿನ ಕಡೆ, ಇಲ್ಲವೇ ಅದರ ಜತೆ ತಿರುಗಿ ದಾರ ಸುತ್ತುವ ರೋಟರಿನ ಕಡೆ. ರೀಲಿನ ಮೇಲೆ 5.2:1 ಅಂತ ಬರೆದಿರುತ್ತದಲ್ಲ, ಅದರ ಅರ್ಥ ಹ್ಯಾಂಡಲಿನ ಒಂದು ಸುತ್ತಿಗೆ ರೋಟರು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ ಎಂದು. ಜನ ಅದನ್ನು ವೇಗದ ಲೆಕ್ಕ ಅಂದುಕೊಳ್ಳುತ್ತಾರೆ. ರಿಪೇರಿ ಮಾಡುವವನಿಗೆ ಅದು ವಿಳಾಸ.

ಕರಕರ ಅಂದ ಕೂಡಲೇ ಗೇರು ಹೋಯಿತೆಂದು ಹೆದರುವವರೇ ಹೆಚ್ಚು. ಉಪ್ಪಳದ ಒಬ್ಬ ಹುಡುಗ ಒಳ್ಳೆಯ ಬೆಲೆಯ ರೀಲನ್ನು ಹೀಗೇ "ಗೇರು ಹೋಯ್ತು ಮಾಷೇ, ಪಾರ್ಟ್ಸಿಗೆ ಕೊಡ್ತೇನೆ" ಎಂದು ತಂದಿದ್ದ. ಹ್ಯಾಂಡಲನ್ನು ಕಳಚಿ ರೋಟರನ್ನು ಕೈಯಲ್ಲಿ ತಿರುಗಿಸಿದೆ, ಬೆಣ್ಣೆ. ಬರೀ ಹ್ಯಾಂಡಲಿನ ಗುಬ್ಬಿಯನ್ನು ಬೆರಳಲ್ಲಿ ಹಿಡಿದು ಹೊರಳಿಸಿದೆ, ಕರಕರ. ಗುಬ್ಬಿಯೊಳಗೆ 4 ಮಿಲಿಮೀಟರ್ ತೂತು, 7 ಮಿಲಿಮೀಟರ್ ಹೊರ ಅಳತೆಯ ಎರಡು ಬೇರಿಂಗು, ಅಕ್ಕಿಕಾಳಿಗಿಂತ ತುಸು ದೊಡ್ಡವು. ಒಂದರೊಳಗೆ ಹೊಯಿಗೆಯ ಒಂದು ಕಣ. ಕಿರುಬೆರಳಿನಷ್ಟಿಲ್ಲದ ಜಾಗದ ನಡುಕ ಹ್ಯಾಂಡಲಿನ ಉದ್ದಕ್ಕೂ ಏರಿ ಅಂಗೈಗೆ ಬರುವಾಗ ಇಡೀ ರೀಲೇ ಕೆಟ್ಟಂತೆ ಅನ್ನಿಸುತ್ತದೆ. ಪೆಟ್ರೋಲಿನಲ್ಲಿ ಅಲ್ಲಾಡಿಸಿ, ಕಾಗದದ ಮೇಲೆ ಒಣಗಿಸಿ, ಒಂದೊಂದು ಹನಿ ಎಣ್ಣೆ. ಅವನು ಮೂರು ಸಲ ತಿರುಗಿಸಿ ನೋಡಿ ನನ್ನ ಮುಖ ನೋಡಿದ. ಪಾರ್ಟ್ಸಿಗೆ ಕೊಡುವ ಮಾತು ಮತ್ತೆ ಬರಲಿಲ್ಲ.

ಹೀಗೆ ಹೇಳಿದರೆ ನಾನೇನೋ ಹುಟ್ಟುತ್ತಲೇ ಮೆಕ್ಯಾನಿಕ್ ಅನ್ನಿಸಬಹುದು. ಭಾವ ಕೊಟ್ಟ ರೀಲನ್ನು ಮೊದಲ ಸಲ ಬಿಚ್ಚಿದಾಗ ದಾರವನ್ನು ಹಿಡಿದು ಸುತ್ತಿಸುವ ತಂತಿಯ ಕಮಾನಿನ, ಅಂದರೆ ಬೇಲಿನ, ಸ್ಪ್ರಿಂಗ್ ಹಾರಿ ಅಂಗಳದ ಅಡಿಕೆಯ ನಡುವೆ ಬಿದ್ದು ಮೂರು ದಿನ ಸಿಗಲಿಲ್ಲ. ಅದು ಸಣ್ಣದು. ದೊಡ್ಡದು ಎರಡನೇ ಸಲದ್ದು. ಉಪ್ಪುನೀರಿಗೆ ಹೆದರಿ, ಒಳಗಿನ ಎಲ್ಲ ಸಂದಿಗೂ ಗ್ರೀಸು ಮೆತ್ತಿದೆ, ಹೋಳಿಗೆಗೆ ತುಪ್ಪ ಹಾಕಿದ ಹಾಗೆ. ಎಂಥ ನಯ! ಮಾರನೇ ದಿನ ಚಂದ್ರಗಿರಿ ಸಂಕದ ಕೆಳಗೆ, ಇಳಿತದ ಕೊನೆಯ ಹೊತ್ತಿಗೆ, ಕೆಂಬೇರಿಯೊಂದು ಹೊಡೆಯಿತು. ರಾಡು ಬಾಗಿತು, ನಾನು ಎಳೆದೆ, ಹ್ಯಾಂಡಲ್ ಹಿಂದಕ್ಕೆ ಗರ್ರನೆ ತಿರುಗಿ ಬೆರಳಿನ ಗೆಣ್ಣುಗಳಿಗೆ ಸಾಲಾಗಿ ಬಡಿಯಿತು. ಮೀನು ಕಂಬದ ಬುಡಕ್ಕೆ ಹೋಯಿತು, ಅಲ್ಲಿನ ಮುರುಚಿಪ್ಪಿಗೆ ತಾಗಿ ದಾರ ಕಡಿಯಿತು. ಎದುರು ದಂಡೆಯಲ್ಲಿ ಶಿವಪ್ಪನಾಯಕನ ಕೋಟೆ. ಇಂಥ ಸೋಲುಗಳನ್ನು ಎಷ್ಟು ನೋಡಿದೆಯೋ.

ಊದಿದ ಕೈ ನೋಡಿ ಅಪ್ಪ ಕೇಳಿದ್ದು ಮೀನಿನ ಸುದ್ದಿಯಲ್ಲ. "ಫ್ರೀವೀಲಿಗೆ ಗ್ರೀಸು ಹಾಕಿದೆಯಾ?" ಎಂದು.

ಚಕ್ರದ ನಡುವಿನ ಹಬ್ಬಿಗೆ ಗ್ರೀಸು, ಫ್ರೀವೀಲಿಗೆ ಎಣ್ಣೆ. ಶಾಪಿನಲ್ಲಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅಪ್ಪ ಕೊಡುತ್ತಿದ್ದ ಮೊದಲ ಪಾಠ ಅದು. ಪೆಡಲ್ ನಿಲ್ಲಿಸಿದರೂ ಸೈಕಲ್ ಮುಂದೆ ಹೋಗುವಂತೆ ಮಾಡುವ ಆ ಹಲ್ಲಿನ ಬಿಲ್ಲೆಯೊಳಗೆ ಎರಡು ಪುಟ್ಟ ನಾಲಗೆಗಳಿರುತ್ತವೆ. ಸ್ಪ್ರಿಂಗ್ ಅವನ್ನು ಮೇಲಕ್ಕೆ ಒತ್ತಬೇಕು, ಅವು ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಗ್ರೀಸು ಹಾಕಿದರೆ ನಾಲಗೆ ಅಂಟಿಕೊಂಡು ಮಲಗುತ್ತದೆ, ಪೆಡಲ್ ಎರಡೂ ಕಡೆ ಗಾಳಿಯಲ್ಲಿ ತಿರುಗುತ್ತದೆ. ಹಳೆಯ ರೀಲುಗಳಲ್ಲಿ ಹ್ಯಾಂಡಲ್ ಹಿಂದೆ ಬಾರದಂತೆ ತಡೆಯುತ್ತಿದ್ದದ್ದೂ ಇಂಥದೇ ನಾಲಗೆ. ಈಗಿನವುಗಳಲ್ಲಿ ಅದರ ಬದಲು ಒಂದು ಬಳೆ, ಬಳೆಯೊಳಗೆ ಸೂಜಿಯ ತುಂಡಿನಂಥ ಸಣ್ಣ ರೋಲರುಗಳು, ಒಂದೊಂದರ ಬೆನ್ನಿಗೂ ಕೂದಲೆಳೆಯಂಥ ಸ್ಪ್ರಿಂಗು. ಮುಂದಕ್ಕೆ ತಿರುಗಿಸಿದರೆ ರೋಲರು ಸಡಿಲವಾಗಿ ಉರುಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಇಳಿಜಾರಿನ ಸಂದಿಗೆ ಬೆಣೆಯಂತೆ ಹೊಕ್ಕು ಹಿಡಿಯುತ್ತದೆ. ಆ ಸ್ಪ್ರಿಂಗಿಗೆ ಇರುವ ಶಕ್ತಿ ಇರುವೆಯಷ್ಟು. ಗ್ರೀಸನ್ನು ದೂಡಿಕೊಂಡು ಹೋಗಲು ಅದರಿಂದಾಗದು.

ಆಮೇಲೆ ಎಲ್ಲೋ ಓದಿದೆ: ರೀಲುಗಳಿಗೆ ಜಗತ್ತಿನಲ್ಲೇ ಹೆಸರಾದ ಜಪಾನಿನ ಶಿಮಾನೋ 1921ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ರೀಲಲ್ಲ, ಸೈಕಲಿನ ಫ್ರೀವೀಲು. ಅಪ್ಪನಿಗೆ ಹೇಳಿದೆ. "ಮತ್ತೆಂತ," ಅಂದರು, ಪೇಪರಿನಿಂದ ಕಣ್ಣೆತ್ತದೆ. ಇನ್ನೊಂದು ಸಂಗತಿ ಹೇಳುವಷ್ಟರಲ್ಲಿ ಅವರಿರಲಿಲ್ಲ. ದಾರದ ಉರುಳೆಯಾದ ಸ್ಪೂಲು ನಿಂತಲ್ಲೇ ನಿಂತು ದಾರ ಅದರ ಅಂಚಿನಿಂದ ಬಿಚ್ಚಿಕೊಂಡು ಹೋಗುವ ಈ ಮಾದರಿಗೆ 1905ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಇಲಿಂಗ್‌ವರ್ತ್ ಉಣ್ಣೆ ಗಿರಣಿಗಳ ಮನೆತನದವನು. ನೂಲಿನ ಕಂಡಿಕೆ ನೋಡಿ ಬೆಳೆದ ಕಣ್ಣಿಗೆ ಹೊಳೆದದ್ದು. ಸೈಕಲ್ಲಿನವನೂ ನೂಲಿನವನೂ ಸೇರಿ ಮಾಡಿದ ಯಂತ್ರ ಇದು ಎಂದಿದ್ದರೆ ಅಪ್ಪ ಪೇಪರು ಕೆಳಗಿಡುತ್ತಿದ್ದರೇನೋ.

ಮಾವನ ರೀಲಿಗೆ ಬರುತ್ತೇನೆ. ಎರಡನೇ ಭಾನುವಾರ ಅದನ್ನು ಬಿಚ್ಚಿದೆ. ಸ್ಪೂಲು ತೆಗೆದು, ನಟ್ಟು ಬಿಚ್ಚಿ, ರೋಟರನ್ನು ಮೇಲೆತ್ತಿದರೆ ಬಳೆ ಕಾಣುತ್ತದೆ. ಗ್ರೀಸು ಮೆತ್ತಿರುತ್ತದೆ ಎಂದು ಖಾತ್ರಿಯಾಗಿದ್ದೆ. ಇರಲಿಲ್ಲ. ರೋಲರುಗಳು ಫಳಫಳ, ಸ್ಪ್ರಿಂಗುಗಳು ನೆಟ್ಟಗೆ, ನಡುವೆ ನೀರಿನಂಥ ತಿಳಿಯಾದ ಎಣ್ಣೆ. ಯಾರೋ ತಿಳಿದವರೇ ಎಣ್ಣೆ ಹಾಕಿದ್ದಾರೆ ಎಂದು ಮೆಚ್ಚಿಕೊಂಡು ಬಳೆಯನ್ನು ಮುಟ್ಟದೆ ಬಿಟ್ಟೆ. ಗೇರಿನ ಕಡೆ ಹಳೆಯ ಗ್ರೀಸು ಒರೆಸಿ ಹೊಸದು ಹಾಕಿದೆ. ಅದರ ಅಗತ್ಯವೇನೂ ಇರಲಿಲ್ಲ, ಏನಾದರೂ ಮಾಡಿದೆ ಅನ್ನಿಸಬೇಕಲ್ಲ. ಮಂಗಳವಾರ ಮಾವನ ಫೋನು: "ಇವತ್ತೂ ತಿರುಗಿತು. ಒಂದು ಕಾಳಾಂಜಿ ಹೋಯಿತು." ಮೀನಿನ ಗಾತ್ರ ಹೇಳಲಿಲ್ಲ. ಅವರಿಗೆ ನಿಜಕ್ಕೂ ಬೇಸರವಾಗಿದೆ ಎಂದು ಅದರಿಂದ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಬಚ್ಚಲಿನಲ್ಲಿ ತಲೆಗೆ ಹಾಕಲು ತೆಂಗಿನೆಣ್ಣೆಯ ಬಾಟ್ಲಿ ಬೋರಲು ಹಾಕಿದೆ. ಬೀಳಲಿಲ್ಲ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಧನುರ್ಮಾಸದ ಚಳಿ, ಚಳಿ ಅಂದರೆ ನಮ್ಮ ಕಡೆಯ ಚಳಿ, ಬೆಂಗಳೂರಿನವರು ನಗುವಂಥದು. ಆದರೂ ತೆಂಗಿನೆಣ್ಣೆಗೆ ಅಷ್ಟು ಸಾಕು. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗತೊಡಗುತ್ತದೆ. ಬಿಸಿನೀರಿನಲ್ಲಿ ಬಾಟ್ಲಿ ಅದ್ದಿ ನಿಂತವನಿಗೆ ಆ ತಿಳಿಯಾದ ಎಣ್ಣೆ ನೆನಪಾಯಿತು.

ಸಂಜೆ ಶಾಲೆಯಿಂದ ಬರುತ್ತಾ ಮಾವನ ಮನೆಗೆ ಹೋಗಿ ರೀಲು ತಂದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ, ಮಜ್ಜಿಗೆಯ ಪಾತ್ರೆಯ ಪಕ್ಕ ಇಟ್ಟೆ. ಹೆಂಡತಿ ನೋಡಿದಳು, ಏನೂ ಕೇಳಲಿಲ್ಲ, ಮಜ್ಜಿಗೆಯ ಪಾತ್ರೆಯನ್ನು ಇನ್ನೊಂದು ತಟ್ಟಿಗೆ ಸರಿಸಿದಳು. ಅರ್ಧ ಗಂಟೆ ಕಳೆದು ಹೊರತೆಗೆದು ಹ್ಯಾಂಡಲನ್ನು ಹಿಂದಕ್ಕೆ ಒತ್ತಿದೆ. ತಿರುಗಿತು. ಒಂದು ಸುತ್ತು, ಎರಡು ಸುತ್ತು, ತಡೆಯೇ ಇಲ್ಲ. ಅಂಗೈಯೊಳಗೆ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಒಮ್ಮೆ ಹಿಡಿಯಿತು, ಒಮ್ಮೆ ಜಾರಿತು, ಆಮೇಲೆ ಗೋಡೆ. ಮಾವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವರ ಜೇಬಿನಲ್ಲಿ ಬೆಚ್ಚಗಾಗಿ ಬರುತ್ತಿದ್ದ ರೀಲನ್ನು ನೋಡಿ ಸರಿ ಉಂಟು ಎನ್ನುತ್ತಿದ್ದ ನಾನೇ ಪೆದ್ದ.

ಎಣ್ಣೆ ಹಾಕುತ್ತಿದ್ದದ್ದು ಅತ್ತೆ. ಗಂಡ ದಿನಾ ಉಪ್ಪುನೀರಿನಿಂದ ತರುವ ಯಂತ್ರ ತುಕ್ಕು ಹಿಡಿಯಬಾರದೆಂದು, ಸಂಜೆ ದೀಪ ಹಚ್ಚಿದ ಮೇಲೆ ಸ್ಪೂಲು ತೆಗೆದು ನಡುವಿನ ಸರಳಿನ ಬುಡಕ್ಕೆ ಎರಡು ಹನಿ. ತೆಂಗಿನ ನಾಡಿನಲ್ಲಿ ಬಾಗಿಲ ಬಿಜಾಗರಿಗೂ ಮೊಣಕಾಲಿಗೂ ಒಂದೇ ಮದ್ದು. ಬೈಯುವುದು ಯಾರನ್ನು? ಪೆಟ್ರೋಲಿನಲ್ಲಿ ಬಳೆ ತೊಳೆದು, ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿದೆ. ಅತ್ತೆಗೆ ಆ ಎಣ್ಣೆಯದೇ ಸಣ್ಣ ಬಾಟ್ಲಿ ಕೊಟ್ಟು, ಮೇಲೆ "ರೀಲಿಗೆ ಮಾತ್ರ" ಎಂದು ಚೀಟಿ ಅಂಟಿಸಿದೆ.

ನಿಜ ಹೇಳಬೇಕೆಂದರೆ ನನ್ನ ಮೇಜಿಗೆ ಬರುವ ರೀಲುಗಳು ನಿರ್ಲಕ್ಷ್ಯದಿಂದ ಕೆಟ್ಟದ್ದಕ್ಕಿಂತ ಪ್ರೀತಿಯಿಂದ ಕೆಟ್ಟದ್ದೇ ಹೆಚ್ಚು. ಕಾರು ತೊಳೆಯುವ ಪ್ರೆಶರ್ ಪೈಪಿನಲ್ಲಿ ರೀಲು ತೊಳೆಯುವವರಿದ್ದಾರೆ. ಹೊರಗಿದ್ದ ಉಪ್ಪನ್ನು ಬೇರಿಂಗಿನೊಳಗೆ ಕಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿಡುವವರೂ ಹಾಗೇ. ಡ್ರ್ಯಾಗಿನ, ಅಂದರೆ ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ಬ್ರೇಕಿನ, ಗುಬ್ಬಿ ಬಿಗಿ ಮಾಡಿ, ನಳ್ಳಿಯ ಮೆಲ್ಲನೆಯ ನೀರಿನ ಕೆಳಗೆ ಅರೆ ನಿಮಿಷ ಹಿಡಿದು, ಕೊಡವಿ, ಒರೆಸಿ, ಆಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ ನೆರಳಲ್ಲಿಟ್ಟರೆ ಸಾಕು. ಸಡಿಲ ಮಾಡದಿದ್ದರೆ ಒಳಗಿನ ವಾಷರುಗಳು ಒತ್ತಿಹೋಗಿ, ಮುಂದಿನ ಮೀನು ಎಳೆಯುವಾಗ ದಾರ ನಯವಾಗಿ ಬಿಡದೆ ಕುಪ್ಪಳಿಸುತ್ತದೆ. ತುಕ್ಕಿಗೆ ಹೊಡೆಯುವ ಸ್ಪ್ರೇ ಡಬ್ಬಿಯನ್ನೇ ಎಣ್ಣೆ ಎಂದುಕೊಂಡವರು ಇನ್ನೊಂದು ಪಂಗಡ. ಅದರಲ್ಲಿ ಹೆಸರಾದ ಡಬ್ಲ್ಯೂಡಿ-40 ಹುಟ್ಟಿದ್ದೇ ನೀರನ್ನು ಓಡಿಸುವುದಕ್ಕೆ. ಹೆಸರಿನ ಅರ್ಥವೂ ಅದೇ, ನೀರು ಸರಿಸುವ ನಲವತ್ತನೇ ಪ್ರಯೋಗ. ಗೇರಿನ ಮೇಲೆ ಹೊಡೆದರೆ ಇರುವ ಗ್ರೀಸನ್ನೂ ಕರಗಿಸಿಕೊಂಡು ಹೋಗುತ್ತದೆ.

ದಾರ ಸುರುಳಿ ಸುತ್ತಿಕೊಳ್ಳುತ್ತದೆ ಎಂಬ ದೂರಂತೂ ವರ್ಷವಿಡೀ. ಎಲ್ಲರೂ ಬೈಯುವುದು ತಂಗೂಸನ್ನು, ಅಂದರೆ ಆ ನೈಲಾನ್ ದಾರವನ್ನು, ಇಲ್ಲವೇ ಅದನ್ನು ಮಾರಿದವನನ್ನು. ನಾನು ಮೊದಲು ದಾರ ಹಾಯುವ ರೋಲರನ್ನು ಉಗುರಿನಲ್ಲಿ ತಿರುಗಿಸಿ ನೋಡುತ್ತೇನೆ. ಉಪ್ಪು ಕಟ್ಟಿ ಅದು ನಿಂತಿದ್ದರೆ ದಾರ ಉರುಳದೆ ಉಜ್ಜಿಕೊಂಡು ಬರುತ್ತದೆ. ಅದು ಸರಿಯಿದ್ದರೆ ಮುಂದಿನ ಪ್ರಶ್ನೆ: ಮೀನು ದಾರ ಎಳೆದುಕೊಂಡು ಓಡುತ್ತಿರುವಾಗ ನೀನು ಹ್ಯಾಂಡಲ್ ತಿರುಗಿಸುತ್ತೀಯಾ? ಹೌದು ಅನ್ನುತ್ತಾರೆ, ಹೆಮ್ಮೆಯಿಂದ. ಡ್ರ್ಯಾಗು ಜಾರುತ್ತಿರುವಾಗ ತಿರುಗಿಸಿದರೆ ಒಂದಿಂಚು ದಾರವೂ ಒಳಗೆ ಬಾರದು, ಬದಲಿಗೆ ಹ್ಯಾಂಡಲಿನ ಪ್ರತಿ ಸುತ್ತಿಗೆ ದಾರಕ್ಕೆ ಐದು ತಿರುಚು ಏರುತ್ತದೆ. ನಿಮಿಷಕ್ಕೆ ಮೂವತ್ತು ಸುತ್ತು ಅಂದರೆ ನೂರೈವತ್ತು. ಬಿಡಿಸುವುದಕ್ಕೆ ಹೊಳೆಯೇ ಬೇಕು. ಇಳಿತ ಜೋರಾಗಿರುವಾಗ ತುದಿಯಲ್ಲಿ ಗಾಳವೂ ಇಲ್ಲ, ಸೀಸವೂ ಇಲ್ಲ, ಬರೀ ದಾರವನ್ನು ನೀರಿಗೆ ಬಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದು, ಬೆರಳ ನಡುವೆ ಬಿಗಿಯಾಗಿ ಹಾಯಿಸಿಕೊಂಡು ಸುತ್ತಬೇಕು. ಅಳಿವೆಯ ನೀರು ಪುಕ್ಕಟೆ ಮಾಡಿಕೊಡುವ ಕೆಲಸ.

ಗಂಟು ಬಿಗಿಯುವ ಮೊದಲು ಉಗುಳಿನಲ್ಲಿ ಒದ್ದೆ ಮಾಡುವುದನ್ನು ನಮ್ಮ ಹಿರಿಯರೂ ಮಾಡುತ್ತಿದ್ದರು. ಒಣ ನೈಲಾನ್ ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ಸೋಲುತ್ತದೆ. ಒದ್ದೆ ಗಾಳವನ್ನು ಡಬ್ಬಿಗೆ ಹಾಕಿದರೆ ಉಳಿದ ಗಾಳಗಳೂ ತುಕ್ಕು ಹಿಡಿಯುತ್ತವೆ. ಇಷ್ಟು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ, ನಾನೂ ಸೇರಿ.

ರಾಡಿನ ಕೆಲಸ ನನಗೆ ರೀಲಿಗಿಂತ ಇಷ್ಟ, ಯಾಕೆಂದರೆ ಅದರಲ್ಲಿ ಅವಸರಕ್ಕೆ ಜಾಗವಿಲ್ಲ. ದಾರ ಪದೇ ಪದೇ ಒಂದೇ ಅಳತೆಗೆ ಕಡಿಯುತ್ತಿದ್ದರೆ ರಾಡಿನುದ್ದಕ್ಕೂ ದಾರ ಹಾಯುವ ಗೈಡಿನ ಉಂಗುರಗಳನ್ನು ನೋಡಬೇಕು. ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಉಂಗುರದ ಒಳಗೆ ಒಂದು ಸುತ್ತು ಆಡಿಸಿ. ಬಿರುಕಿದ್ದಲ್ಲಿ ಒಂದೆಳೆ ಹತ್ತಿ ಸಿಕ್ಕಿ ನಿಲ್ಲುತ್ತದೆ. ಈಗಿನ ಹೆಣೆದ ದಾರ ಅಗ್ಗದ ಉಂಗುರವನ್ನು ಗರಗಸದ ಹಾಗೆ ಕೊರೆಯುತ್ತದೆ. ಹೊಸ ಗೈಡು ಕೂರಿಸಿ ನೂಲಿನಲ್ಲಿ ಸುತ್ತಬೇಕು, ಎಳೆಯ ಪಕ್ಕ ಎಳೆ, ನಡುವೆ ಬೆಳಕು ಕಾಣದಂತೆ. ಕೊನೆಯ ಎಳೆಯನ್ನು ಮೊದಲೇ ಇಟ್ಟ ಕುಣಿಕೆಗೆ ಹಾಕಿ ಒಳಗೆ ಎಳೆದುಕೊಂಡರೆ ಗಂಟು ಬೇಕಿಲ್ಲ. ಮೇಲೆ ಎಪಾಕ್ಸಿ ಅಂಟು ಬಳಿದರೆ ಅದು ಜೇನಿನ ಹಾಗೆ ಕೆಳಕ್ಕೆ ಇಳಿಯತೊಡಗುತ್ತದೆ, ಹಾಗಾಗಿ ಗಟ್ಟಿಯಾಗುವ ತನಕ ರಾಡನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಅದಕ್ಕೆ ಮೋಟಾರು ಕಟ್ಟುವವರಿದ್ದಾರೆ. ನಾನು ಕುಂಬಳೆ ಸೀಮೆಯವನು. ಮೊಬೈಲಿನಲ್ಲಿ ಒಂದು ತಾಳಮದ್ದಳೆ ಹಾಕಿ ಕೈಯಲ್ಲೇ ತಿರುಗಿಸುತ್ತೇನೆ. ಕರ್ಣನ ಪೀಠಿಕೆ ಮುಗಿದು ಶಲ್ಯ ಮಾತಿಗೆ ಇಳಿಯುವಷ್ಟರಲ್ಲಿ ಎಪಾಕ್ಸಿ ನಿಂತಿರುತ್ತದೆ. ಒಮ್ಮೆ ಅರ್ಥದಾರಿಯ ಮಾತಿನ ವರಸೆಗೆ ತಲೆದೂಗುತ್ತಾ ತಿರುಗಿಸುವುದನ್ನೇ ಮರೆತೆ. ಆ ರಾಡಿನಲ್ಲಿ ಇಂದಿಗೂ ಒಂದು ಹನಿ ಜೋತುಬಿದ್ದಿದೆ.

ಎರಡು ತುಂಡಿನ ರಾಡು ಜೋಡಣೆಯಲ್ಲಿ ಸಿಕ್ಕಿಕೊಂಡರೆ ಗೈಡು ಹಿಡಿದು ತಿರುಚಬೇಡಿ. ಗೈಡು ಕಿತ್ತು ಬರುತ್ತದೆ, ರಾಡು ಬರುವುದಿಲ್ಲ. ಇಬ್ಬರು ನಿಂತು ನೇರವಾಗಿ ಎಳೆಯಬೇಕು. ಮೊದಲೇ ಅಲ್ಲಿಗೆ ಮೇಣದಬತ್ತಿ ಉಜ್ಜಿದ್ದರೆ ಎಳೆದಾಟವೇ ಇರುತ್ತಿರಲಿಲ್ಲ. ರೈಲು ಸಂಕದ ಹತ್ತಿರ ಗಾಳ ಹಾಕಲು ಹೋಗುವ ಹುಡುಗರಿಗೆ ಮಾತ್ರ ನಾನು ಮಾಷ್ಟ್ರ ದನಿಯಲ್ಲೇ ಹೇಳುತ್ತೇನೆ. ಕಾರ್ಬನ್ ರಾಡು ಕರೆಂಟು ಹಾಯಿಸುತ್ತದೆ, ಹಳಿಯ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟು. ತುಂಡು ಬಿಚ್ಚದೆ ಹೆಗಲ ಮೇಲೆ ನೆಟ್ಟಗೆ ಹಿಡಿದು ಆ ಕಡೆ ಕಾಲಿಡಬಾರದು. ಮೊದಲ ಮಳೆಯ ಗುಡುಗು ಕೇಳಿದಾಗಲೂ ಅಷ್ಟೇ, ರಾಡು ಕೆಳಗಿಟ್ಟು ಮನೆಗೆ.

ಸರಿ ಮಾಡಲಾಗದ್ದೂ ಬರುತ್ತದೆ. ಆನ್‌ಲೈನಿನಲ್ಲಿ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬರುವ "12+1 ಬೇರಿಂಗಿನ" ರೀಲುಗಳಿಗೆ ಬಿಡಿಭಾಗ ಎಲ್ಲೂ ಹುಟ್ಟುವುದಿಲ್ಲ. ಬೇರಿಂಗು ಹನ್ನೆರಡಿದ್ದರೇನು, ಗೇರು ಬೆಂದ ಗೆಣಸಿನಂತಿದ್ದರೆ? ಅಂಥವನ್ನು ಬಿಟ್ಟುಹೋಗಲು ಹೇಳುತ್ತೇನೆ. ಬಿಸ್ಕೂಟಿನ ಡಬ್ಬಿಯಲ್ಲಿ ಅವುಗಳ ಸ್ಪ್ರಿಂಗು, ಸ್ಕ್ರೂ, ಹ್ಯಾಂಡಲ್‌ಗಳಿವೆ. ಸತ್ತ ರೀಲಿನ ಬೇಲು ಬದುಕಿದ ರೀಲಿಗೆ ಕೂತಾಗ ಆಗುವ ಖುಷಿಯನ್ನು ಹೆಂಡತಿಗೆ ವಿವರಿಸಲು ನಾನು ಎರಡು ಸಲ ಪ್ರಯತ್ನಿಸಿ ಬಿಟ್ಟಿದ್ದೇನೆ.

ಮಾವನ ರೀಲು ಆಮೇಲೆ ಹಿಂದೆ ತಿರುಗಲಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಅವರ ಜತೆ ನಾನೂ ಹೋದೆ. ನಸುಕಿನಲ್ಲಿ ದಾರ ಬಿಡುವ ಮೊದಲು ಅವರು ಹ್ಯಾಂಡಲನ್ನು ಹಿಂದಕ್ಕೆ ಒತ್ತಿ ನೋಡಿದರು, ಹೊರಡುವ ಮೊದಲು ಬ್ರೇಕು ಒತ್ತಿ ನೋಡುವ ಹಾಗೆ. ಏನೂ ಹೇಳಲಿಲ್ಲ. ವಾಪಸು ಬರುವಾಗ ಮಾತ್ರ, ಗೇಟಿನ ಹತ್ತಿರ ನಿಂತು, "ಮಾಷ್ಟ್ರೆ, ಆ ಎಣ್ಣೆ ಇನ್ನೊಂದು ಬಾಟ್ಲಿ ಬೇಕಿತ್ತಲ್ಲ" ಅಂದರು.

"ಇಷ್ಟು ಬೇಗ ಮುಗೀತಾ ಮಾವ? ಎರಡು ಹನಿ ಹಾಕ್ಲಿಕ್ಕೆ ಹೇಳಿದ್ದಲ್ಲವಾ?"

ಚಾ ಕುಡಿಯಲು ಒಳಗೆ ಹೋದಾಗ ಕಂಡಿತು. ಬಾಟ್ಲಿ ಅತ್ತೆಯ ಹೊಲಿಗೆ ಮಿಷನ್ನಿನ ಮೇಲಿತ್ತು. "ರೀಲಿಗೆ ಮಾತ್ರ" ಎಂದು ನಾನು ಅಂಟಿಸಿದ ಚೀಟಿಯ ಮೇಲೆ ಎಣ್ಣೆ ಸೋರಿ ಅಕ್ಷರ ಕದಡಿತ್ತು. ನೂಲಿನ ರೀಲೊಂದನ್ನು ಅದಕ್ಕೆ ಒರಗಿಸಿಟ್ಟಿದ್ದರು.